ಎಪ್ಪತ್ತೆರಡರ ಕೆಂಪು ದಾರ

ನಮ್ಮಪ್ಪನ ಅಕ್ಕ ಗ್ರಂಥಾಲಯದ ಕಂಪ್ಯೂಟರ್ ಕೋಣೆಯಲ್ಲಿ ಮೂವತ್ತು ವರ್ಷ ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದವರು. ಕಾರ್ಡಿನ ಸಂಖ್ಯೆ ಒತ್ತಿದರೆ ಸದಸ್ಯರ ಹೆಸರು, ಅವರು ಒಯ್ದ ಪುಸ್ತಕ ತೋರಿಸುವ ಪ್ರೋಗ್ರಾಂ ಅವರದೇ. ಈಗ ಕಾರ್ಡಿಗೆ ಒಂದು ಅಂಕಿ ಹೆಚ್ಚಾಗಿ, ಹೊಸ ಸದಸ್ಯರ ಗುರುತೇ ಅದಕ್ಕೆ ಹತ್ತುತ್ತಿರಲಿಲ್ಲ. “ಸೋಮವಾರದೊಳಗೆ ಸರಿಹೋಗದಿದ್ರೆ ಆ ಪ್ರೋಗ್ರಾಮನ್ನೇ ತೆಗೆದುಬಿಡ್ತೀವಮ್ಮ” ಎಂದು ಗ್ರಂಥಪಾಲಕರು ಅತ್ತೆಗೆ ಫೋನು ಮಾಡಿದ್ದರು.

ಭಾನುವಾರ ಬೆಳಿಗ್ಗೆ ನನ್ನ ಲ್ಯಾಪ್‌ಟಾಪಿನಲ್ಲಿ ಅತ್ತೆಗೆ ಪ್ರೋಗ್ರಾಂ ಬರೆಯುವ ಎಡಿಟರ್ ಸಜ್ಜುಮಾಡಲು ಕೂತೆ. ಎಡಿಟರಿಗೆ ಕೋಬಾಲ್ ಕಲಿಸಿದೆ, ಅಕ್ಷರ ದೊಡ್ಡದು ಮಾಡಿದೆ. ಅವರು ಎರಡಕ್ಷರ ಒತ್ತುವಷ್ಟರಲ್ಲಿ ಪೂರಾ ಪದವೇ ಮೂಡಿತು.

“ಇದೇನೇ, ನಾನು ಬಾಯಿ ತೆಗೆಯೋ ಮೊದ್ಲೇ ಮಾತು ಮುಗಿಸುತ್ತೆ? ಥೇಟ್ ನಿಮ್ಮ ಮಾವ!”

ಪದ ತಾನೇ ತುಂಬುವ ಆ ಸೌಲಭ್ಯವನ್ನು ನಿಲ್ಲಿಸಿದೆ. ಅತ್ತೆ ಹಳೆಯ ಡಬ್ಬಿಯಿಂದ ಗೇಣುದ್ದದ ಕೆಂಪು ದಾರ ತೆಗೆದರು. ಕೋಬಾಲಿನಲ್ಲಿ ಸಾಲಿನ ಎಪ್ಪತ್ತೆರಡನೆಯ ಅಕ್ಷರ ದಾಟಿ ಬರೆದದ್ದನ್ನು ಯಂತ್ರ ಓದುವುದೇ ಇಲ್ಲ. ತಪ್ಪು ಅಂತ ಹೇಳುವುದೂ ಇಲ್ಲ. ಅತ್ತೆ ಕೆಲಸಕ್ಕೆ ಸೇರಿದ ವಾರ, ಅದೇ ಕೋಣೆಯ ಆಪರೇಟರ್ ಆಗಿದ್ದ ಮಾವ ಈ ದಾರವನ್ನು ಪರದೆಗೆ ಅಂಟಿಸಿ, “ಇದನ್ನು ದಾಟಬೇಡಿ ಮೇಡಂ” ಎಂದಿದ್ದರಂತೆ. ಮರುವರ್ಷ ಮದುವೆ. ಮಾವ ಹೋಗಿ ಈಗ ಆರು ವರ್ಷ.

ಎಪ್ಪತ್ತೆರಡು ಎಣಿಸಿ ಲ್ಯಾಪ್‌ಟಾಪಿನ ಪರದೆಗೆ ದಾರ ಅಂಟಿಸಿದೆವು.

“ಎಡಗಡೆ ಈ ನಂಬರು ಯಾಕೆ? ನನ್ನ ಸಾಲು ನನಗೆ ಗೊತ್ತು.”

ಸಾಲಿನ ಸಂಖ್ಯೆಗಳ ಪಟ್ಟಿಯನ್ನೂ ತೆಗೆದೆ.

ಮಧ್ಯಾಹ್ನಕ್ಕೆ ತಿದ್ದುಪಡಿ ಮುಗಿಯಿತು. ಗ್ರಂಥಾಲಯದಿಂದ ತಂದ ಸದಸ್ಯರ ಪಟ್ಟಿಯ ಮೇಲೆ ಓಡಿಸಿ, ಹೊಸ ಕಾರ್ಡಿನ ಸಂಖ್ಯೆ ಒತ್ತಿದರೆ ಹೆಸರು ಬಂತು. ಅತ್ತೆ ಕಣ್ಣರಳಿಸಿ, ಪ್ರತಿಸಲ ಪರೀಕ್ಷೆಗೆ ಒತ್ತುತ್ತಿದ್ದ ಮಾವನ ಹಳೆಯ ಕಾರ್ಡಿನ ಸಂಖ್ಯೆ ಒತ್ತಿದರು. ಪರದೆ ಖಾಲಿ.

“ಇವರನ್ನೇ ಹೊರಗೆ ಹಾಕ್ತಲ್ಲೇ...”

ಸಾಲು ಸಾಲಾಗಿ ಬೆರಳಿಟ್ಟು ಎಣಿಸಿದೆವು. ಒಂದು ಕಡೆ, ‘ಹೊಸ ಕಾರ್ಡಾದರೆ’ ಎಂಬ ಷರತ್ತನ್ನು ಮುಗಿಸುವ ಪೂರ್ಣವಿರಾಮ ಎಪ್ಪತ್ತಮೂರನೆಯ ಅಕ್ಷರವಾಗಿತ್ತು. ಯಂತ್ರಕ್ಕೆ ಅದು ಕಾಣದೆ, ಎಲ್ಲರ ಹೆಸರು ತೋರಿಸುವ ಮುಂದಿನ ಆಜ್ಞೆಯೂ ಹೊಸ ಕಾರ್ಡಿನವರ ಪಾಲಾಗಿತ್ತು. ಆದರೆ ಅದು ದಾರದ ಈಚೆಗೇ ಇತ್ತು!

“ಅತ್ತೆ, ನಂಬರು ತೆಗೆದಾಗ ಬರಹವೆಲ್ಲ ಎಡಕ್ಕೆ ಸರೀತು. ದಾರ ಅಲ್ಲೇ ಉಳೀತು.”

“ತೆಗಿ ಅಂದವಳೂ ನಾನೇ ತಾನೇ” ಎಂದು ಹಣೆ ಚಚ್ಚಿಕೊಂಡರು.

ಎಡಿಟರಿನಲ್ಲೇ ಎಪ್ಪತ್ತೆರಡನೆಯ ಅಕ್ಷರದ ಬಳಿ ಒಂದು ಗೆರೆ ಎಳೆದೆ. ಬರಹ ಸರಿದರೆ ಅದೂ ಸರಿಯುತ್ತದೆ. ಬಣ್ಣ ಯಾವುದೆಂದು ಕೇಳಲಿಲ್ಲ, ಕೆಂಪೇ ಹಾಕಿದೆ. ಅತ್ತೆ ದಾರ ಬಿಡಿಸಿ ಬೆರಳಿಗೆ ಸುತ್ತಿಕೊಂಡು, ಉದ್ದದ ಸಾಲನ್ನು ಎರಡಾಗಿ ಮುರಿದರು. ಮತ್ತೆ ಆ ಸಂಖ್ಯೆ.

ಮಾವನ ಹೆಸರು ಬಂತು. ಕೆಳಗೆ: ಮರಳಿಸದ ಪುಸ್ತಕ, ಒಂದು.

“ಅಯ್ಯೋ, ಆ ಪುಸ್ತಕ ನಮ್ಮ ಕಪಾಟಲ್ಲೇ ಇದೆ” ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ನಾಳೆ ಹೇಗೂ ಹೋಗ್ತೀವಲ್ಲ, ಕೊಟ್ಟುಬಿಡೋಣ.”

“ಸುಮ್ನಿರೇ. ಪುಸ್ತಕ ಬಾಕಿ ಇರೋವರೆಗೂ ಹೆಸರು ಅಳಿಸಬಾರದು ಅಂತ ಇದರಲ್ಲಿ ಬರೆದವಳೇ ನಾನು.”