ತಂತಿ ಹರಿದ ಹೊತ್ತಿನಲ್ಲಿ

ಗಂಡ ಹೋಬರ್ಟ್ ತೀರಿಕೊಂಡು ಎರಡು ವಾರವೂ ಆಗಿರಲಿಲ್ಲ. ಅಕ್ಟೋಬರಿನ ಆ ಶನಿವಾರ ಆರ್ವೆಲಾ ಬೆಳಗ್ಗೆಯೇ ಎದ್ದು ದೊಡ್ಡ ಪಾತ್ರೆಯಲ್ಲಿ ಬೀನ್ಸ್ ಕಾಳು ಬೇಯಲಿಟ್ಟಳು. ಸಂಜೆ ಆರಕ್ಕೆ ಹಾಡುಗಾರರ ಕಾರ್ಯಕ್ರಮವಿತ್ತು. ಬರುವುದು ಬೇಡವೆಂದು ಅವರಿಗೆ ಫೋನ್ ಮಾಡಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಹೊಳೆದಿದ್ದರೂ ಮಾಡುತ್ತಿದ್ದಳೋ ಇಲ್ಲವೋ.

ಕೆಂಟಕಿಯ ಬೆಟ್ಟಗಳ ನಡುವಿನ ಆ ಊರಲ್ಲಿ ಅವರ ಮನೆಗೆ ಅಂಟಿಕೊಂಡೇ ಒಂದು ಹಳೆಯ ಮೇವಿನ ಅಂಗಡಿ. ವ್ಯಾಪಾರ ನಿಂತ ಮೇಲೆ ಹೋಬರ್ಟ್ ಅಲ್ಲಿ ನಲವತ್ತು ಕುರ್ಚಿ ಹಾಕಿ, ಗಿಟಾರು ಹೇರಿಕೊಂಡು ಊರೂರು ತಿರುಗುವ ಹಾಡುಗಾರರನ್ನು ತಿಂಗಳಿಗೊಮ್ಮೆ ಕರೆಸತೊಡಗಿದ. ಹತ್ತೊಂಬತ್ತು ವರ್ಷ ಹಾಗೇ ನಡೆಯಿತು. ಮುಂದೆ ನಿಂತು ಮಾತಾಡುವವನು, ನಗಿಸುವ ಸುಳ್ಳುಕಥೆ ಹೇಳುವವನು ಅವನು. ಅಡುಗೆ, ಹಾಸಿಗೆ, ಬೆಳಗಿನ ಕಾಫಿ ಅವಳದು. ಹಾಡು ನಡೆಯುವಾಗ ಅವಳು ಏಪ್ರನ್ ಬಿಚ್ಚದೆ ಹಿಂಬಾಗಿಲಲ್ಲಿ ನಿಂತಿರುತ್ತಿದ್ದಳು.

ಮಣ್ಣು ಮಾಡಿದ ದಿನ ಅವಳು ಅಳಲಿಲ್ಲ. ಆಮೇಲೂ ಅಳಲಿಲ್ಲ. ಹಲ್ಲು ಕೀಳಿಸಿಕೊಂಡ ದಿನ ತುಟಿ ತನ್ನದಲ್ಲವೆನಿಸುತ್ತದಲ್ಲ, ಮೈಯೆಲ್ಲ ಹಾಗಾಗಿತ್ತು. ಪಕ್ಕದ ಮನೆಯ ಮಾಡೀನ್ ದಿನಕ್ಕೆರಡು ಸಲ ಬಂದು ಮುಖ ನೋಡಿ ಹೋಗುತ್ತಿದ್ದಳು.

"ಏನೇ, ಇವತ್ತೂ ಹಾಡು ಇಟ್ಕೊಂಡಿದ್ದೀಯಂತೆ? ಜನ ಏನಂದಾರು?"

"ಬಂದು ಕೂತ್ಕೊಂಡು ಅನ್ನಲಿ. ಕುರ್ಚಿ ಇದಾವೆ."

"ಕಲ್ಲು ಕಣೇ ನೀನು."

"ಈ ಈರುಳ್ಳಿ ಹೆಚ್ಚು. ನಿಂಗಾದ್ರೆ ಕಣ್ಣೀರು ಸುಲಭವಾಗಿ ಬರತ್ತೆ."

ನಾಲ್ಕರ ಹೊತ್ತಿಗೆ ವ್ಯಾನು ಬಂತು. ಗಿಟಾರಿನ ಡೆಲ್ಫೀನ್ ಲೂಸಿಯಾನಾದವಳು. ಜೊತೆಗೆ ಬ್ಯಾಂಜೊ ಬಾರಿಸುವ ಇರಾ. ತಾವೇ ಕಟ್ಟಿದ ಹಾಡುಗಳನ್ನು ತಾವೇ ಹಾಡುತ್ತ ವರ್ಷವಿಡೀ ರಸ್ತೆಯ ಮೇಲಿರುವವರು. ಮೂರು ವರ್ಷದ ಹಿಂದೊಮ್ಮೆ ಬಂದಿದ್ದರು. ಇರಾ ಇಳಿಯುತ್ತಲೇ ಕೂಗಿದ.

"ಅಮ್ಮಾ, ಎಲ್ಲಿ ನಮ್ಮ ಸುಳ್ಳಿನ ಸರದಾರ್ರು? ಆ ಹೇಸರಗತ್ತೆ ಕಥೆ ಮುಂದೇನಾಯ್ತು ಅಂತ ಕೇಳ್ಬೇಕು!"

"ತೀರ್ಕೊಂಡ. ಹೋದ ವಾರ, ಸೋಮವಾರ. ಒಳಗೆ ಬನ್ನಿ, ಕಾಫಿ ಬಿಸಿಯಿದೆ."

ಇಬ್ಬರೂ ಅಂಗಳದಲ್ಲೇ ನಿಂತುಬಿಟ್ಟರು. "ಇವತ್ತು ಬೇಡಮ್ಮ, ನಾವು ಹೊರಡ್ತೀವಿ," ಅಂದಳು ಡೆಲ್ಫೀನ್.

"ನಲವತ್ತು ಜನಕ್ಕೆ ಬೇಯಿಸಿದ್ದೀನಿ," ಅಂದಳು ಆರ್ವೆಲಾ. ಇರಾ ವ್ಯಾನಿನಿಂದ ಬ್ಯಾಂಜೊ ಇಳಿಸಿದ.

ಆರಕ್ಕೆ ಕುರ್ಚಿಗಳೆಲ್ಲ ತುಂಬಿದವು. ಯಾರೂ ಮುಂದೆ ಬಂದು ಪರಿಚಯ ಹೇಳಲಿಲ್ಲ. ಹಾಡು ಸುಮ್ಮನೆ ಶುರುವಾಯಿತು. ನಾಲ್ಕನೆಯ ಹಾಡಿನ ನಡುವೆ ಡೆಲ್ಫೀನಳ ಗಿಟಾರಿನ ತಂತಿ ಫಟ್ಟೆಂದು ಹರಿಯಿತು. ಇಂಥ ಹೊತ್ತಿನಲ್ಲಿ ಹೋಬರ್ಟ್ ಎದ್ದು, ಹೊಸ ತಂತಿ ಹಾಕಿ ಮುಗಿಯುವವರೆಗೆ ಹೇಸರಗತ್ತೆಯ ಸುಳ್ಳುಕಥೆ ಬಿಡುತ್ತಿದ್ದ. ಈಗ ಯಾರಿಗೂ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಡೆಲ್ಫೀನ್ ತಲೆ ತಗ್ಗಿಸಿ ತಂತಿ ಸುತ್ತುತ್ತಿದ್ದಳು. ಆರ್ವೆಲಾಳ ಕಾಲು ತಾನಾಗಿ ಮುಂದಕ್ಕೆ ನಡೆಯಿತು.

"ತಂತಿ ಹಾಕೋವರೆಗೆ ಯಾರಾದ್ರೂ ಮಾತಾಡ್ಬೇಕಲ್ಲ," ಅಂದಳು. "ನಂಗೆ ಕಥೆ ಕಟ್ಟೋಕೆ ಬರಲ್ಲ. ಆಗಿದ್ದು ಹೇಳ್ತೀನಿ. ಅವನು ಸೌದೆ ಒಡೆದು ಬಂದು ಹಿಂದಿನ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ತಿದ್ದ. ಊಟಕ್ಕೆ ಮೂರು ಸಲ ಕರೆದೆ. ಮಾತಿಲ್ಲ. 'ಎದ್ದು ಬರ್ತೀಯೋ, ನಾಯಿಗೆ ಹಾಕ್ಲೋ, ಕಿವುಡ ಹೇಸರಗತ್ತೆ' ಅಂದೆ. ಹೋಗಿ ನೋಡಿದ್ರೆ ಬೂಟು ಕೈಯಲ್ಲೇ ಇತ್ತು. ನಾನು ಅವನಿಗೆ ಕಡೇದಾಗಿ ಅಂದಿದ್ದು ಅದು. ಕೇಳಿಸ್ತೋ ಇಲ್ವೋ ಗೊತ್ತಿಲ್ಲ."

ಯಾರೋ ನಕ್ಕು, ಗಾಬರಿಯಿಂದ ಬಾಯಿ ಮುಚ್ಚಿಕೊಂಡರು. ಮಾಡೀನ್ ಬಿಕ್ಕಿದಳು. ಮುಂದಿನ ಸಾಲಿನ ಗಂಡಸರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಆರ್ವೆಲಾ ಅದನ್ನೆಲ್ಲ ಕಿಟಕಿಯ ಆಚೆಯಿಂದ ನೋಡುವವಳಂತೆ ನೋಡಿದಳು. ಬಾಯಿಬಿಟ್ಟು ಹೇಳಿದರೆ ಒಳಗೆ ಏನಾದರೂ ಸಡಿಲವಾದೀತೆಂದು ಒಂದು ಕ್ಷಣ ಅನ್ನಿಸಿತ್ತು. ಏನೂ ಆಗಲಿಲ್ಲ.

"ಆಯ್ತೇನಮ್ಮ ತಂತಿ?"

"ಆಯ್ತು."

"ಹಾಗಾದ್ರೆ ಹಾಡು."

ಹಿಂಬಾಗಿಲಿಗೆ ಹೋಗಲು ಮಾಡೀನ್ ಬಿಡಲಿಲ್ಲ. ತನ್ನ ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. ಉಳಿದ ಹಾಡುಗಳನ್ನೆಲ್ಲ ಆರ್ವೆಲಾ ಕೂತೇ ಕೇಳಿದಳು. ಕೇಳಿದಳೆನ್ನುವುದಕ್ಕಿಂತ, ಹಾಡುಗಳು ಅವಳನ್ನು ದಾಟಿ ಹೋದವು. ಮಾಡೀನಳ ಅಂಗೈ ಬಿಸಿಯಾಗಿದೆ ಎಂದಷ್ಟೇ ತಿಳಿಯುತ್ತಿತ್ತು.

ಜನ ಹೋದ ಮೇಲೆ ಪಾತ್ರೆ ಒರೆಸುತ್ತ ಡೆಲ್ಫೀನ್ ಕೇಳಿದಳು: "ಅವರಿಗೆ ನಮ್ಮ ಯಾವ ಹಾಡು ಇಷ್ಟ ಇತ್ತಮ್ಮ?"

"ಹಾಡೆಲ್ಲಿ ಕೇಳ್ತಿದ್ದ ಅವನು? ಯಾವಾಗ ತಂತಿ ಹರಿಯತ್ತೋ ಅಂತ ಕಾಯ್ತಿದ್ದ."

ಡೆಲ್ಫೀನ್ ನಗುತ್ತ ನಗುತ್ತಲೇ ಅತ್ತುಬಿಟ್ಟಳು. ಆರ್ವೆಲಾ ಅವಳ ಕೈಗೆ ಒಣಬಟ್ಟೆ ಕೊಟ್ಟಳು.

ಬೆಳಗ್ಗೆ ಮೊಟ್ಟೆ ತಿಂದು ಅವರು ಹೊರಟ ಸ್ವಲ್ಪ ಹೊತ್ತಿಗೆ ಫೋನ್ ಬಂತು. ಒಹಾಯೊದ ಯಾರೋ ಪಿಟೀಲಿನವನು. ನವೆಂಬರಿನಲ್ಲಿ ಆ ದಾರಿಯಾಗಿ ಬರುತ್ತಿದ್ದಾನಂತೆ, ಹೋಬರ್ಟ್ ಅವರು ಇದ್ದಾರಾ ಅಂತ ಕೇಳಿದ.

"ಇಲ್ಲ. ನಾನೇ ಮಾತಾಡ್ತಿರೋದು," ಅಂದಳು ಆರ್ವೆಲಾ. "ಎಷ್ಟು ಜನ ಬರ್ತೀರಿ? ಹಾಸಿಗೆ ಎರಡೇ ಇರೋದು."

ತಾರೀಖು ಬರೆದುಕೊಂಡು ಫೋನ್ ಇಟ್ಟಳು. ಎದೆಯಲ್ಲಿ ದುಃಖವಾಗಲಿ ನೆಮ್ಮದಿಯಾಗಲಿ ಇದೆಯೇ ಎಂದು ಸ್ವಲ್ಪ ಹೊತ್ತು ನಿಂತು ನೋಡಿಕೊಂಡಳು. ಎರಡೂ ಇರಲಿಲ್ಲ. ಹಾಡುಗಾರರು ಮಲಗಿದ್ದ ಕೋಣೆಗೆ ಹೋಗಿ, ಒಗೆಯುವುದಕ್ಕೆ ಹೊದಿಕೆಗಳನ್ನು ಎಳೆದಳು.