ಮೊಲದ ಪುಟಕ್ಕೆ ಫ್ರೇಮ್

ಕಾರ್ಕಳದ ನನ್ನ ಅಂಗಡಿಗೆ ಫ್ರೇಮ್ ಹಾಕಿಸಲು ಬರುವುದು ಹೆಚ್ಚಾಗಿ ದೇವರ ಪಟ, ಇಲ್ಲವೇ ತೀರಿಹೋದವರ ಫೋಟೋ. ಮೊನ್ನೆ ಮಣಿಪಾಲದಿಂದ ಒಬ್ಬರು ಪುಟ್ಟ ಮಗಳೊಂದಿಗೆ ಬಂದು, ತಮ್ಮ ಚಿಕ್ಕಂದಿನ ಮಕ್ಕಳ ಪತ್ರಿಕೆಯ ಪುಟವೊಂದನ್ನು ಮೇಜಿನ ಮೇಲೆ ಹರಡಿದರು. ಮೊಲಕ್ಕೆ ಕ್ಯಾರೆಟ್ ಇರುವಲ್ಲಿಗೆ ದಾರಿ ತೋರಿಸಿ ಎನ್ನುವ ಆಟ. ಇಷ್ಟು ವರ್ಷ ಯಾರೂ ಪೆನ್ಸಿಲ್ ತಾಗಿಸದೆ ಮೊಲ ಹೊರಟಲ್ಲೇ ಇತ್ತು.

"ಎರಡು ಸಾವಿರನೇ ಇಸವಿಯ ಆಚೀಚೆಯದ್ದು. ಬಾಲ್ಯ ಅಂದ್ರೆ ನಮ್ಮದು ಮಾರಾಯ್ರೇ. ಈಗಿನ ಮಕ್ಕಳಿಗೆ ಮೊಬೈಲ್ ಬಿಟ್ಟು ಎಂತ ಗೊತ್ತುಂಟು?" ಎಂದರು.

ಅಷ್ಟರಲ್ಲಿ ಮಗಳು ನನ್ನ ಪೆನ್ಸಿಲ್ ಎತ್ತಿಕೊಂಡು ಮೊಲದ ಹತ್ತಿರ ತಂದಳು. ಅವರು ಅವಳ ಕೈಗೆ ಪಟ್ಟನೆ ಹೊಡೆದರು. "ಮುಟ್ಟಬೇಡ, ಹಾಳಾಗ್ತದೆ." ಅವಳ ತುಟಿ ನಡುಗಿತು. ಅಳು ಹೊರಬರುವ ಮೊದಲೇ ತಮ್ಮ ಮೊಬೈಲನ್ನು ಅವಳ ಕೈಗೆ ಕೊಟ್ಟರು.

ನಾನು ಅಳತೆ ತೆಗೆದೆ. ಆಮೇಲೆ ತೀರಿಹೋದವರ ಮನೆಯವರಲ್ಲಿ ಕೇಳುವ ಹಾಗೆಯೇ ಮೆಲ್ಲ ಕೇಳಿದೆ, "ಕೆಳಗೆ ಒಂದು ಸಣ್ಣ ಕೆಂಪು ಬಲ್ಬ್ ಇಡುವುದಾ ಸರ್?"

ಅವರು ಪುಟವನ್ನೊಮ್ಮೆ ಪ್ರೀತಿಯಿಂದ ನೋಡಿ, "ಹಳದಿ ಉಂಟಾ? ಹಳದಿಯಾದರೆ ಇನ್ನೂ ಚಂದ ಕಾಣ್ತದೆ, ಅಲ್ವಾ?" ಎಂದರು.