ಕಾಯಿ ಎಸೆತಕ್ಕೆ ಪಣವಿಟ್ಟ ಕಡಸು

ಗೆಳತಿಯರೇ, ಇವತ್ತು ಕಡೂರಿನ ನಮ್ಮ ಕೊಬ್ಬರಿ ಮನೆಯಲ್ಲಿ ನಡೆದದ್ದನ್ನು ಕೇಳಿ. ಕೆಳಗೆ ನಿಂತು ಎಸೆದ ಐದು ತೆಂಗಿನಕಾಯಿಯನ್ನೂ ಅಟ್ಟದ ಮೇಲಿನ ಬುಟ್ಟಿಗೆ ಬೀಳಿಸಿದವರಿಗೆ ನನ್ನ ಕೆಂಪು ಕಡಸನ್ನು ಕೊಡುತ್ತೇನೆಂದು ಆಳುಗಳಿಗೆ ಹೇಳಿದ್ದೆ. ಅಮಲ್ದಾರರ ಮನೆಯವರು ಕೇಳಿದರೂ ಕೊಡದ ಕಡಸು ಅದು.

ಮೇಸ್ತ್ರಿ ಸಿದ್ದಪ್ಪ ಕಡಸನ್ನು ಕಟ್ಟಿಕೊಂಡು ಹೋಗಲು ಬೆಳಿಗ್ಗೆಯೇ ಹಗ್ಗ ಹಿಡಿದು ಬಂದಿದ್ದ. ದಿನಾ ಅವನು ಎಸೆಯುವ ಕಾಯಿಗಳನ್ನು ಅಟ್ಟದ ಮೇಲೆ ಹಿಡಿದು ಜೋಡಿಸುವವಳು ರಂಗಮ್ಮ. ಬುಟ್ಟಿಯ ಪಕ್ಕ ನಿಂತು ಎಣಿಸಲು ಅವಳನ್ನೇ ಹತ್ತಿಸಿದೆ. ಸಿದ್ದಪ್ಪ ಐದೂ ಎಸೆದ.

“ಬುಟ್ಟಿ ಖಾಲಿ ಕಣ್ರವ್ವಾ!” ಎಂದಳು ರಂಗಮ್ಮ. ದಿನದ ರೂಢಿಯಂತೆ ಅವಳು ಹಿಡಿದಿಟ್ಟ ಐದೂ ಕಾಯಿ ಅವಳ ಕಾಲ ಬಳಿ ಸಾಲಾಗಿ ಕೂತಿದ್ದವು.

“ನನ್ ಕಡಸು ನುಂಗ್ಬಿಟ್ಯಲ್ಲೇ!” ಎಂದು ಸಿದ್ದಪ್ಪ ಕೂಗಿದ.

“ನಾನೇನ್ ಮಾಡ್ಲಿ ಕಣಣ್ಣಾ? ಕಾಯಿ ಬಂತು, ಕೈ ಹೋಯ್ತು.”

ನ್ಯಾಯವಾಗಿ ಇನ್ನೊಂದು ಸರದಿ ಕೊಟ್ಟೆ. “ಕೈ ಕಟ್ಕೊಂಡು ನಿಂತ್ಕೊಳ್ಳೇ ತಾಯಿ,” ಎಂದ ಸಿದ್ದಪ್ಪ. ಅವಳು ಹಾಗೇ ನಿಂತಳು. ಮೊದಲ ಕಾಯಿ ತೊಲೆಗೆ ಬಡಿದು ಹೋಳಾಯಿತು. ಮಿಕ್ಕವು ಬುಟ್ಟಿಯ ಹತ್ತಿರವೂ ಸುಳಿಯಲಿಲ್ಲ. ಉಳಿದ ಆಳುಗಳದೂ ಅದೇ ಪಾಡು. ಒಡೆದ ಕಾಯಿ ತಿನ್ನುತ್ತ ಎಲ್ಲರೂ ನಕ್ಕದ್ದೇ ನಕ್ಕದ್ದು.

“ಕಡಸು ರಂಗಮ್ಮಂಗೆ,” ಎಂದೆ.

“ಎಸ್ದೋರಿಗೆ ಅಂದಿದ್ರಲ್ಲಾ ಅಮ್ಮಾವ್ರೇ!” ಎಂದ ಸಿದ್ದಪ್ಪ.

“ಇಷ್ಟ್ ವರ್ಷ ನಿನ್ ಮಾನ ಹಿಡ್ದು ಉಳ್ಸಿದ್ದು ಯಾರಪ್ಪಾ?”

ಸಿದ್ದಪ್ಪ ತಲೆ ಕೆರೆದುಕೊಂಡ, ಆಮೇಲೆ ತಾನೂ ನಕ್ಕು, ಕಡಸನ್ನು ರಂಗಮ್ಮನ ಮನೆಗೆ ಹೊಡೆದುಕೊಂಡು ಹೋದ.

ಸಿದ್ದಪ್ಪನ ಗುರಿಯನ್ನು ಇಷ್ಟು ವರ್ಷ ಬೀರೂರಿನವರೆಗೂ ಹೊಗಳಿಕೊಂಡು ಬಂದವಳು ನಾನೇ. ಅದನ್ನು ಯಾರೂ ನನಗೆ ನೆನಪಿಸಬೇಕಾಗಿಲ್ಲ.